ಹಗಲು ಕಥೆ ಓದಿದವಳು

"ಯಾರವ್ವ ಅದು, ತಲಿಗೂದ್ಲ ಹುರಿಯಾಕ ಹತ್ತಾರೆ?"

ದಾವಣಗೆರೆಯಲ್ಲಿ ನನಗೆ ಸಿಕ್ಕಿದ ಮೊದಲ ಸ್ವಾಗತ ಇದು. ಹಿಂದಿನ ದಿನ ಸಂಜೆ ಬಂದಿಳಿದು, ಬೆಳಿಗ್ಗೆ ಒಲೆ ಹಚ್ಚಿ, ಊರಿಂದ ತಂದ ತೆಂಗಿನೆಣ್ಣೆಯಲ್ಲಿ ಸಾಸಿವೆ ಸಿಡಿಸಿದ್ದೆ, ಅಷ್ಟೆ. ನೋಡುವುದರೊಳಗೆ ವಠಾರದ ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದು ನನ್ನ ಬಾಗಿಲ ಮುಂದೆ ನಿಂತಿದ್ದರು. ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ, ಹಣೆ ತುಂಬ ವಿಭೂತಿ, ಸೊಂಟದ ಮೇಲೆ ಕೈ. ಅವರು ನಿಂಗಜ್ಜಿ, ಹದಡಿಯವರು, ಗೋಡೆಯಾಚೆಯ ಮನೆಯಲ್ಲಿ ಮಗ ಸೊಸೆಯ ಜೊತೆ ಇರುವವರು ಎಂದು ಆಮೇಲೆ ತಿಳಿಯಿತು. "ಇದು ತೆಂಗಿನೆಣ್ಣೆ. ಒಗ್ಗರಣೆ ಹಾಕುತ್ತಿದ್ದೇನೆ" ಎಂದೆ. ಅಜ್ಜಿ ಹಿಂದೆ ತಿರುಗಿ ಎಲ್ಲರ ಮುಖವನ್ನೂ ಒಮ್ಮೆ ನೋಡಿಕೊಂಡರು.

"ಅಲ್ಲವ್ವ, ತಲಿಗೆ ಹಚ್ಚೋದನ್ನ ಹೊಟ್ಟಿಗೆ ಹಾಕ್ಕಂಡ್ರೆ ಹೆಂಗೆ?"

ನಾನು ಮೊದಲೇ ಸಿಟ್ಟಿನವಳು. ನನ್ನನ್ನು ಬಲ್ಲ ಕುಂದಾಪುರದ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ದಡಾರನೆ ಹಾಕಿಕೊಂಡು, ನಮ್ಮವರ ಮುಂದೆ ತಟ್ಟೆ ಕುಕ್ಕಿ, "ಈ ಊರಲ್ಲಿ ಬಾಳುವುದು ನನ್ನಿಂದ ಆಗದು" ಎಂದುಬಿಟ್ಟೆ. ಬಂದು ಒಂದು ದಿನ ಕೂಡ ತುಂಬಿರಲಿಲ್ಲ. ನಮ್ಮವರಿಗೆ ಇಲ್ಲಿಯ ಒಂದು ಬಟ್ಟೆ ಗಿರಣಿಯ ನೇಯ್ಗೆ ವಿಭಾಗದಲ್ಲಿ ಮೇಲ್ವಿಚಾರಕರ ಕೆಲಸ. ಮಗ್ಗದ ಸದ್ದು ಅವರಿಗೆ ಸಂಗೀತ. ಆದರೂ ಜಗಳ ಮಾಡಲಿಲ್ಲ. "ಒಂದು ವರ್ಷ ನೋಡುವ. ಆಗದಿದ್ದರೆ ನೀನು ಊರಿಗೆ ಹೋಗಿ ಶಾಲೆ ಸೇರು, ನಾನೂ ಮಂಗಳೂರಿನಲ್ಲಿ ಏನಾದರೂ ಹುಡುಕಿಕೊಂಡು ಬರುತ್ತೇನೆ" ಎಂದರು. ನಮ್ಮೂರ ಶಾಲೆಯಲ್ಲಿ ಎರಡು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದ್ದೆ. ಬಿಟ್ಟು ಬರುವಾಗ ಹೆಡ್‌ಮಾಸ್ತರರು ನನ್ನ ಜಾಗಕ್ಕೆ ಒಂದು ವರ್ಷ ಖಾಯಂ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಬರುವ ಬೇಸಿಗೆ ರಜೆ ಮುಗಿಯುವುದರೊಳಗೆ ಒಂದು ಮಾತು ತಿಳಿಸು ಎಂದಿದ್ದರು. ಹಾಗಾಗಿ ಹೊಸ ಮನೆಯಲ್ಲಿ ನಾನು ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಲೇ ಇಲ್ಲ.

ರಾಜ್ಯಗಳು ಒಂದಾದ ಹೊಸತು ಅದು. ಮದರಾಸಿನ ಕೆಳಗಿದ್ದ ನಾವೂ ಮೈಸೂರಿನ ಕೆಳಗಿದ್ದ ಇವರೂ ಇನ್ನು ಮುಂದೆ ಒಂದೇ ಮನೆಯವರು ಎಂದು ಶಾಲೆಯಲ್ಲಿ ಮಿಠಾಯಿ ಹಂಚಿ ಭಾಷಣ ಮಾಡಿದವಳು ನಾನೇ. ಇಲ್ಲಿ ನೋಡಿದರೆ ಒಂದು ಪಾವು ಕಡಲೆಬೇಳೆ ಕೇಳಿದರೂ ಅಂಗಡಿಯವರು "ಯಾವ ದೇಶದೋರ್ರೀ ನೀವು?" ಎನ್ನುತ್ತಿದ್ದರು. ಅಲ್ಲಿ ಮನೆಯಿಂದ ಮನೆಗೆ ಹೋಗಬೇಕಾದರೆ ಒಂದು ಗದ್ದೆ ದಾಟಬೇಕು. ಇಲ್ಲಿ ನಾನು ಸೀನಿದರೆ ಮೂರನೆಯ ಮನೆಯಿಂದ "ನೆಗಡೇನ್ರಿ?" ಎಂದು ಕೇಳುತ್ತದೆ. ಅಲ್ಲಿ ಅಂಗಳದ ಬಿಸಿಲು ನೋಡಿ ಹೊತ್ತು ತಿಳಿಯುತ್ತಿದ್ದೆವು. ಇಲ್ಲಿ ಗಿರಣಿ ಕೂಗುತ್ತದೆ, ಊರು ಏಳುತ್ತದೆ. ಮತ್ತೆ ಕೂಗುತ್ತದೆ, ಊರು ಉಣ್ಣುತ್ತದೆ. ಮಂಡಕ್ಕಿಗೆ ಒಗ್ಗರಣೆ ಹಾಕಿ, ಜೊತೆಗೆ ಹಸಿಮೆಣಸಿನಕಾಯಿಯ ಬಜ್ಜಿ, ಇವರ ಬಾಯಲ್ಲಿ 'ಮಿರ್ಚಿ', ಕಚ್ಚಿಕೊಂಡು ಊಟ ಮಾಡಿದಷ್ಟೇ ತೃಪ್ತಿಯಿಂದ ಏಳುತ್ತಾರೆ. ಮೊದಲ ಸಲ ತಿಂದಾಗ ನನ್ನ ಕಣ್ಣು ಮೂಗು ಎಲ್ಲ ಹರಿದವು. ಹಾಳಾದ್ದು, ಮೂರನೆಯ ವಾರದಲ್ಲಿ ನಾನೇ ಕೇಳಿ ತರಿಸಿಕೊಂಡೆ.

ಆದರೆ ನೀರು. ನೀರು ಕಾಣದೆ ನನ್ನ ಜೀವ ಚಡಪಡಿಸುತ್ತಿತ್ತು. ನಮ್ಮವರನ್ನು ಕಾಡಿಸಿ ತಿಂಗಳಿಗೊಮ್ಮೆ ರೈಲು ಹತ್ತಿ ಹರಿಹರಕ್ಕೆ ಹೋಗುತ್ತಿದ್ದೆ. ದೇವಸ್ಥಾನದಲ್ಲಿ ಕೈ ಮುಗಿದ ಶಾಸ್ತ್ರ ಮಾಡಿ ನೇರ ಹೊಳೆಗೆ. ಮಳೆಗಾಲದ ತುಂಗಭದ್ರೆ ಕೆಂಪಗೆ ತುಂಬಿ ಬಂದಾಗ ಸಮಾಧಾನವಾಗುತ್ತಿತ್ತು. ಚಳಿ ಕಳೆಯುತ್ತಿದ್ದಂತೆ ಮರಳು ಎದ್ದಿತು. ಒಂದು ದಿನ ಮೊಣಕಾಲುದ್ದದ ನೀರಿನಲ್ಲಿ ಎಮ್ಮೆಗಳು ಮಲಗಿದ್ದನ್ನು ನೋಡಿ ದಡದಲ್ಲೇ ಕುಳಿತು ಅತ್ತುಬಿಟ್ಟೆ. ನಮ್ಮವರು ಏನು ಮಾಡುವುದೆಂದು ತಿಳಿಯದೆ ಪೇರಲೆ ಹಣ್ಣು ಕೊಡಿಸಿದರು.

ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗದು, ಕುಳಿತಲ್ಲಿ ಕೂರಲಾಗದು. ಅಡುಗೆಮನೆಯಿಂದ ಬೀದಿ ಬಾಗಿಲಿಗೆ ಹನ್ನೊಂದು ಹೆಜ್ಜೆ. ದಿನಕ್ಕೆ ಎಷ್ಟು ಸಲ ಅಳೆದೆನೋ! ಹೀಗೆ ಓಡಾಡುವ ನನ್ನನ್ನು ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದವಳು ಗಿರಿಜೆ, ನಿಂಗಜ್ಜಿಯ ಮೊಮ್ಮಗಳು, ಆರು ವರ್ಷದವಳು. ಅವಳ ತಾಯಿ ರುದ್ರಮ್ಮ, ತೆಂಗಿನೆಣ್ಣೆಯ ದಿನ ಮೂಗು ಮುಚ್ಚಿಕೊಂಡವರಲ್ಲಿ ಒಬ್ಬಳಾದರೂ ಮಾರನೆಯ ದಿನವೇ ನನ್ನನ್ನು "ತಂಗಿ" ಎಂದು ಕರೆದಳು. ಅದರಿಂದ ಗಿರಿಜೆಗೆ ನಾನು 'ಚಿಗವ್ವ', ಅಂದರೆ ಚಿಕ್ಕಮ್ಮ. ಅವಳ ಹಿಂದೆ ಬೀದಿಯ ಮಕ್ಕಳಿಗೆಲ್ಲ ಚಿಗವ್ವನಾದೆ.

ಮಕ್ಕಳನ್ನು ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಪೆಟ್ಟಿಗೆಯಲ್ಲಿ ಆರು ಕಥೆಪುಸ್ತಕಗಳಿದ್ದವು. ಈ ಬೀದಿಯಲ್ಲಿ ಪಾಠದ ಪುಸ್ತಕ ಬಿಟ್ಟು ಬೇರೆ ಪುಸ್ತಕ ಕಂಡ ಮಗುವೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲ ಮಕ್ಕಳನ್ನೂ ಕೂಡಿಸಿ ಓದಿ ಹೇಳಿದರೆ ಹೇಗೆ ಎಂಬ ಯೋಚನೆ ಬಂದದ್ದೇ ತಡ, ನಾನು ನಿಲ್ಲಲಿಲ್ಲ. ಬೀದಿಯ ಕೊನೆಯಲ್ಲಿ ಒಬ್ಬ ಸಾಹುಕಾರರ ಹಳೆಯ ಅರಳೆ ಗೋದಾಮು ಖಾಲಿ ಬಿದ್ದಿತ್ತು. ಅವರ ಮನೆಗೆ ಹೋಗಿ, ಅವರ ಹೆಂಡತಿಯನ್ನು ಕಂಡು, ಬೀಗದ ಕೈ ಕೇಳಿದೆ. "ಮಕ್ಕಳಿಗೇನ್ರಿ? ತಗೊಳ್ರಿ, ತಗೊಳ್ರಿ" ಎಂದು ಕೊಟ್ಟೇಬಿಟ್ಟರು. ಎರಡು ದಿನ ಜೇಡರ ಬಲೆ ಹೊಡೆದೆ, ಗೋಣಿಚೀಲ ಹಾಸಿದೆ. ಮೂಲೆಮೂಲೆಯಿಂದ ಹಳೆಯ ಹತ್ತಿ ಎದ್ದು ಮೂಗು ತುಂಬ ಸೀನು. ಗಿರಿಜೆ ಮನೆಮನೆಗೆ ಹೋಗಿ "ಚಿಗವ್ವ ಕಥಿ ಹೇಳ್ತಾಳಂತೆ, ಬರ್ಬೇಕಂತೆ" ಎಂದು ಸಾರಿ ಬಂದಳು.

ಶಿವರಾತ್ರಿ ಕಳೆದ ಮೇಲಿನ ಭಾನುವಾರ. ಮೂವತ್ತಕ್ಕೂ ಹೆಚ್ಚು ಮಕ್ಕಳು! ಹಲವರ ಕಂಕುಳಲ್ಲಿ ಇನ್ನೊಂದು ಮಗು. ಕಾಡಿನಲ್ಲಿ ಹಲಸಿನ ಹಣ್ಣು ಕದಿಯಲು ಹೋದ ಮಂಗವೊಂದರ ಕಥೆ ಎತ್ತಿಕೊಂಡೆ. ಒಂದು ಪುಟ ಓದಿದೆನೋ ಇಲ್ಲವೋ, ಪುಸ್ತಕ ಮಡಿಲಿಗೆ ಹಾಕಿ ಬಾಯಲ್ಲೇ ಹೇಳತೊಡಗಿದೆ. ತರಬೇತಿಯಲ್ಲಿ ನಮಗೆ ಕಲಿಸಿದ್ದೇ ಅದು: ಮಕ್ಕಳ ಕಣ್ಣು ನೋಡಬೇಕು, ಕೈ ಆಡಿಸಬೇಕು, ಮಂಗನಾಗಬೇಕಾದಲ್ಲಿ ಮಂಗನಾಗಬೇಕು. ನಾನು ಮಂಗನಾದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಈ ಊರಿಗೆ ಬಂದ ಮೇಲೆ ನನ್ನ ಎದೆ ಹಗುರಾದದ್ದು ಅವತ್ತೇ ಮೊದಲು.

ಮಂಗ ಇನ್ನೂ ಮರದ ಮೇಲೇ ಇದ್ದಾಗ ರುದ್ರಮ್ಮ ಓಡಿ ಬಂದಳು. ಕೈಯೆಲ್ಲ ಜೋಳದ ಹಿಟ್ಟು, ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದವಳು.

"ತಂಗೀ! ಏನ್ ಮಾಡಾಕ ಹತ್ತೀಯವ್ವ? ಹಗಲೊತ್ತಿನಾಗ ಕಥಿ ಹೇಳ್ತಾರೇನು? ನಮ್ಮಣ್ಣ ದಾರಿಯಾಗದಾನೆ!"

ನನಗೆ ಅರ್ಥವಾಗಲಿಲ್ಲ. ಅವಳೇ ಏದುಸಿರು ಬಿಡುತ್ತ ಹೇಳಿದಳು. ಹಗಲು ಹೊತ್ತು ಕಥೆ ಹೇಳಿದರೆ ಕೇಳಿದ ಮಕ್ಕಳ ಸೋದರಮಾವ ದಾರಿ ತಪ್ಪುತ್ತಾನೆ. ಕತ್ತಲಾದ ಮೇಲೆ, ಎಲ್ಲರೂ ಮನೆ ಸೇರಿದ ಮೇಲೆ ಹೇಳಬೇಕಾದದ್ದು ಕಥೆ. ಅವಳ ಅಣ್ಣ ಕಡರನಾಯಕನಹಳ್ಳಿಯಿಂದ ಅವತ್ತೇ ಹೊರಟಿದ್ದ. ಹರಿಹರಕ್ಕೆ ಬಂದು ರೈಲು ಹಿಡಿದು ಮಧ್ಯಾಹ್ನದ ಊಟಕ್ಕೆ ಇಲ್ಲಿರಬೇಕು. ನಮ್ಮ ಮನೆಯಲ್ಲಿ ಇಂಥ ಕಟ್ಟುಪಾಡು ನಾನು ಕೇಳಿದವಳಲ್ಲ. ನಗು ತಡೆಯಲಾಗಲಿಲ್ಲ. "ಹರಿಹರದಿಂದ ಇಲ್ಲಿಗೆ ರೈಲು ಕಂಬಿಯ ಮೇಲೆ ಬರುತ್ತದೆ ರುದ್ರಮ್ಮ, ದಾರಿ ಹೇಗೆ ತಪ್ಪುತ್ತದೆ?" ಎಂದೆ. ಮಕ್ಕಳೂ ನಕ್ಕರು. ಅವಳು ನಗಲಿಲ್ಲ. ಗಿರಿಜೆಯ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಓದುಗರೇ, ಆ ಮನುಷ್ಯ ದಾರಿ ತಪ್ಪಿದ. ಹರಿಹರದಲ್ಲಿ ರೈಲು ಹತ್ತಿ, ಕಿಟಕಿ ಪಕ್ಕ ಜಾಗ ಸಿಕ್ಕಿದ ಖುಷಿಗೆ ಕಣ್ಣು ಮುಚ್ಚಿ, ದಾವಣಗೆರೆ ಬಂದದ್ದು ಹೋದದ್ದು ಒಂದೂ ತಿಳಿಯದೆ ಚಿಕ್ಕಜಾಜೂರಿನಲ್ಲಿ ಕಣ್ಣು ಬಿಟ್ಟ. ಒಂದೇ ಒಂದು ಸ್ಟೇಷನ್ನಿನ ಪ್ರಯಾಣ! ಮಾರನೆಯ ದಿನ ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ಬಂದಿಳಿದ. ಅಷ್ಟು ಹೊತ್ತು ರುದ್ರಮ್ಮ ಅತ್ತದ್ದನ್ನು ಗೋಡೆಯ ಈ ಕಡೆ ಕುಳಿತು ಕೇಳಿದವಳು ನಾನು. ನಿಂಗಜ್ಜಿ ನನ್ನ ಬಾಗಿಲಿಗೆ ಬಂದು ಬೈಯಲೂ ಇಲ್ಲ. "ನಿನಗ ಗೊತ್ತಿರ್ಲಿಲ್ಲ ಬಿಡು" ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮುಂದಿನ ಭಾನುವಾರ ಗೋದಾಮಿಗೆ ಒಂದು ಮಗುವೂ ಬರಲಿಲ್ಲ. ಬೀದಿಯಲ್ಲಿ ಪ್ರತಿಯೊಂದು ಮನೆಯ ಮಕ್ಕಳಿಗೂ ಎಲ್ಲೋ ಒಬ್ಬ ಸೋದರಮಾವ ಇದ್ದ, ಯಾವುದೋ ದಾರಿಯಲ್ಲಿ ಇದ್ದ. ಖಾಲಿ ಗೋಣಿಚೀಲಗಳ ನಡುವೆ ಒಂದು ಗಂಟೆ ಕುಳಿತೆ. ಅವಮಾನವಾಯಿತು. ಅವಮಾನಕ್ಕಿಂತ ಹೆಚ್ಚು ಸಿಟ್ಟು. ಮನೆಗೆ ಬಂದವಳೇ ಕಾಗದ ತೆಗೆದು ಊರಲ್ಲಿದ್ದ ನನ್ನ ಅಣ್ಣನಿಗೆ ಬರೆದೆ: "ಬೇಸಿಗೆ ರಜೆಯಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋಗು. ಶಾಲೆಗೆ ಬರುತ್ತೇನೆಂದು ಹೆಡ್‌ಮಾಸ್ತರರಿಗೆ ತಿಳಿಸಿಬಿಡು. ಇಲ್ಲಿಯವರಿಗೆ ನಾನು ಬೇಡ." ನಮ್ಮವರಿಗೆ ತೋರಿಸಿದೆ. ಓದಿ, ಮಡಿಸಿ ಕೊಟ್ಟು, "ನಿನ್ನ ಇಷ್ಟ" ಎಂದರು. ಅವತ್ತಿನಿಂದ ಮನೆಗೆ ಬಂದ ಮೇಲೆ ಮಗ್ಗದ ಮಾತು ಆಡುವುದನ್ನು ಅವರು ಬಿಟ್ಟರು. ಅದು ನನಗೆ ತಿಳಿಯಿತು, ಆದರೆ ನಾನು ಕೇಳಲಿಲ್ಲ.

ಹೊರಡುವುದು ಖಚಿತವಾದ ಮೇಲೆ ದಿನ ತಳ್ಳಬೇಕಲ್ಲ! ಒಂದು ಸೋಮವಾರ ಮಧ್ಯಾಹ್ನ ನಿಂಗಜ್ಜಿ ಮಠಕ್ಕೆ ಪುರಾಣ ಕೇಳಲು ಹೊರಟಾಗ "ನಾನೂ ಬರಲಾ?" ಎಂದೆ. "ಬಾ, ಮನ್ಯಾಗ ಹುಲಿ ಹಂಗೆ ತಿರುಗೋದಕ್ಕಿಂತ ಚಲೋ" ಎಂದರು. ಮಠದ ಪಡಸಾಲೆಯಲ್ಲಿ ಒಬ್ಬರು ಪುಸ್ತಕವನ್ನು ಮಣೆಯ ಮೇಲಿಟ್ಟು ಓದುತ್ತಾರೆ. ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಓದುವವರು ಅರ್ಥ ಹೇಳುವುದಿಲ್ಲ, ಅರ್ಥ ಹೇಳುವವರು ಓದುವುದಿಲ್ಲ. ಹೊರಗೆ ರಣಬಿಸಿಲು. ರಾಜ, ರಾಣಿ, ಕಾಡು, ಶಾಪ, ಏನೆಲ್ಲ ಬಂತು. ಹಿಂತಿರುಗುವಾಗ ನನಗೆ ಬಾಯಿ ಕಟ್ಟಲಾಗಲಿಲ್ಲ.

"ಅಜ್ಜಿ, ಇದೂ ಕಥೆಯೇ, ಇದೂ ಹಗಲೇ. ಇಷ್ಟು ಹೆಂಗಸರ ಅಣ್ಣತಮ್ಮಂದಿರು ಯಾರೂ ದಾರಿ ತಪ್ಪುವುದಿಲ್ಲವೇ?"

ಅಜ್ಜಿ ನಡುಬೀದಿಯಲ್ಲಿ ನಿಂತುಬಿಟ್ಟರು.

"ಏ, ಹುಚ್ಚು ಹುಡುಗಿ! ಅವರು ಕಥಿ ಹೇಳ್ತಾರೇನು? ಓದ್ತಾರೆ. ಹೊತ್ತಿಗಿ ಮುಂದಿಟ್ಕಂಡು ಅದರಾಗೆ ಕಣ್ಣಿಟ್ಟು ಓದಿದ್ರೆ ಅದಕ್ಕ ಹಗಲೂ ಇಲ್ಲ, ರಾತ್ರಿನೂ ಇಲ್ಲ. ನೀನು ಅವತ್ತು ಏನ್ ಮಾಡ್ದಿ? ಹೊತ್ತಿಗಿ ಬಿಟ್ಟು, ಕಣ್ಣು ಬಿಟ್ಟು, ಮಂಗ್ಯಾನಂಗೆ ಕುಣದು ಹೇಳ್ದಿ. ಅದು ಕಥಿ ಆತು."

"ಹಾಗಾದರೆ ಕಣ್ಣೆತ್ತದೆ ಓದಿದರೆ?"

"ಓದು. ಯಾರು ಬ್ಯಾಡ ಅಂದಾರ?"

ಈ ಒಂದು ಮಾತಿಗಾಗಿ ನಾನು ಊರು ಬಿಡಲು ಹೊರಟಿದ್ದೆನೇ ಎಂದು ನನ್ನ ಮೇಲೇ ನನಗೆ ರೇಗಿತು. ಕೇಳಬೇಕಾದದ್ದನ್ನು ಕೇಳದೆ ಕಾಗದ ಬರೆದವಳು ನಾನು. ಆದರೆ ಕಾಗದ ಹೋಗಿಯಾಗಿತ್ತು. ಇನ್ನೊಂದು ಬರೆದು ಬೇಡ ಎನ್ನಬಹುದಿತ್ತು, ನಿಜ. ಮಕ್ಕಳು ಬರುತ್ತಾರೋ ಇಲ್ಲವೋ ನೋಡೋಣ, ಆಮೇಲೆ ಬರೆದರಾಯಿತು ಎಂದು ಸುಮ್ಮನಾದೆ. ನಾನು ಹಾಗೆಯೇ, ಬರೆಯುವಾಗ ಅವಸರ, ತಿದ್ದುವಾಗ ಸೋಮಾರಿ.

ಯುಗಾದಿ ಕಳೆದು ಮತ್ತೆ ಗೋದಾಮು ತೆರೆಯಿತು. ಈ ಸಲ ಕಾರ್ಯಕ್ರಮ ನನ್ನದಾಗಿ ಉಳಿಯಲಿಲ್ಲ, ನಿಂಗಜ್ಜಿಯದಾಯಿತು. ತಮ್ಮ ಮನೆಯ ಮಣೆ ತಂದು ಮುಂದಿಟ್ಟು, ಪುಸ್ತಕಕ್ಕೆ ಒಂದು ಹೂ ಏರಿಸಿ, ಪಕ್ಕದಲ್ಲೇ ಕಾಲು ಚಾಚಿ ಕುಳಿತರು. ರುದ್ರಮ್ಮ ಶೇಂಗಾ ಸುಲಿಯುವ ನೆಪದಲ್ಲಿ ಬಾಗಿಲ ಬಳಿ ಕುಳಿತಳು. ಅವಳನ್ನು ನೋಡಿ ಬೇರೆ ತಾಯಂದಿರೂ ಮಕ್ಕಳನ್ನು ಕಳಿಸಿದರು. ನಾನು ತಲೆ ತಗ್ಗಿಸಿ ಓದಿದೆ. ಮೂರು ಸಾಲಿಗೊಮ್ಮೆ ನನ್ನ ಕಣ್ಣು ತಾನಾಗಿ ಮೇಲೇಳುತ್ತಿತ್ತು. ಎದ್ದದ್ದೇ ತಡ, ಇಡೀ ಗೋದಾಮು ಒಂದೇ ದನಿಯಲ್ಲಿ ಕಿರುಚುತ್ತಿತ್ತು: "ಚಿಗವ್ವಾ, ಕಣ್ಣು!"

ಹೇಗಿತ್ತು ಅಂದರೆ, ಕೈ ಕಟ್ಟಿ ಈಜು ಎಂದಂತೆ ಇತ್ತು. ಹಲಸು ಎಂದು ಓದುತ್ತೇನೆ. ಇವರು ಹಲಸು ಕಂಡವರಲ್ಲ. ತಲೆಯೆತ್ತಿ ವಿವರಿಸಿದರೆ ಅದು ಹೇಳಿದಂತಾಗುತ್ತದೆ. ಬಾಯಿ ಮುಚ್ಚಿಕೊಂಡು ಕುಳಿತೆ. ಆಗ ಮಠದ ಪದ್ಧತಿಯಂತೆ ಅರ್ಥ ಹೇಳುವವರು ಹುಟ್ಟಿಕೊಂಡರು. "ಅದು ಕುಂಬಳಕಾಯಿ ಇದ್ದಂಗೆ ಇರ್ತೈತೆ, ಮೈತುಂಬ ಮುಳ್ಳು ಎದ್ದಿರ್ತಾವ" ಎಂದು ರುದ್ರಮ್ಮ. ಅವಳೂ ನೋಡಿರಲಿಲ್ಲ, ನನ್ನ ಬಾಯಿಂದ ಒಮ್ಮೆ ಕೇಳಿದ್ದಳು. ಇನ್ನೊಂದು ವಾರದ ಕಥೆಯಲ್ಲಿ ಸಮುದ್ರ ಬಂತು. ಸಮುದ್ರ ಅಂದರೆ ಏನು ಎಂದು ಗಿರಿಜೆ ಕೇಳಿದಳು. ನನ್ನ ನಾಲಿಗೆ ತುರಿಸುತ್ತಿತ್ತು. ನನ್ನ ಮನೆಯ ಜಗಲಿಗೆ ಅದರ ಸದ್ದು ಕೇಳಿಸುತ್ತದೆ! ನಿಂಗಜ್ಜಿ ಎಲೆಯಡಿಕೆ ಈ ದವಡೆಯಿಂದ ಆ ದವಡೆಗೆ ಹಾಕಿ ಹೇಳಿದರು:

"ಹರಿಹರದ ಹೊಳಿ ನೋಡಿಯಲ್ಲ, ಆ ಕಡಿ ಒಂದು ದಂಡಿ ಐತಲ್ಲ? ಆ ದಂಡೀನ ತಗದು ಬಿಡು. ಅದಾ ಸಮುದ್ರ."

ಪುಸ್ತಕದ ಅಕ್ಷರ ನನಗೆ ಮಸುಕಾಯಿತು. ಆ ಮುದುಕಿ ಹುಟ್ಟಿದ್ದು ಹದಡಿ, ಕೊಟ್ಟದ್ದು ದಾವಣಗೆರೆ, ಅತ್ತ ಹರಿಹರ ದಾಟಿದವರಲ್ಲ. ನಾನು ಸಮುದ್ರದ ಮಗ್ಗುಲಲ್ಲೇ ಹುಟ್ಟಿ ಬೆಳೆದವಳು, ಅದನ್ನು ಇಷ್ಟು ಸರಿಯಾಗಿ ಯಾರಿಗೂ ಹೇಳಿದ್ದಿಲ್ಲ. ತಗ್ಗಿಸಿದ ತಲೆ ತಗ್ಗಿಸಿಯೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದಿನ ಸಾಲು ಹುಡುಕಿದೆ. ಯಾರೂ ಅವಸರ ಮಾಡಲಿಲ್ಲ.

ನೋಡದೆ ಓದುತ್ತಾ ಓದುತ್ತಾ ಕಿವಿ ಚುರುಕಾಯಿತು. ಶೇಂಗಾ ಸಿಪ್ಪೆಯ ಸದ್ದು ನಿಂತರೆ ಕಥೆ ಹಿಡಿದಿದೆ ಎಂದು ತಿಳಿಯುತ್ತಿತ್ತು. ವಾರ ವಾರ ಮಕ್ಕಳು ಹೆಚ್ಚಿದರು. ಆರು ಪುಸ್ತಕಗಳೂ ಮುಗಿದು ಮೊದಲಿನಿಂದ ಬಂದವು, ಯಾರಿಗೂ ಬೇಸರವಿಲ್ಲ. ನನ್ನ ಕಾಗದದ ಮಾತು ನಾನು ಮರೆತೆ ಎಂದರೆ ಸುಳ್ಳು. ನೆನಪಾದಾಗಲೆಲ್ಲ ಬೇರೆ ಏನಾದರೂ ಕೆಲಸ ಹಿಡಿಯುತ್ತಿದ್ದೆ. ಅಣ್ಣನ ಕಾರ್ಡು ಬಂತು. "ಹೆಡ್‌ಮಾಸ್ತರರಿಗೆ ಹೇಳಿದ್ದೇನೆ, ಸಂತೋಷಪಟ್ಟರು. ಶನಿವಾರ ಹೊರಟು ಶಿವಮೊಗ್ಗದಲ್ಲಿ ಉಳಿದು, ಭಾನುವಾರ ಹರಿಹರದ ಮೇಲೆ ಬರುತ್ತೇನೆ. ತಯಾರಾಗಿರು." ಕಾರ್ಡನ್ನು ಮತ್ತೆ ಮತ್ತೆ ಓದಿದೆ. ನಮ್ಮವರು ಕೇಳದಿದ್ದರೂ ಪೆಟ್ಟಿಗೆಯ ಧೂಳು ಒರೆಸಿ ಕಟ್ಟೆಯ ಮೇಲಿಟ್ಟರು. ವಠಾರದವರಿಗೆ ನಾನು ಹೇಳಿದ್ದು ಅರ್ಧ ಮಾತ್ರ: ಅಣ್ಣ ಬರುತ್ತಾನೆ ಎಂದೆ, ಯಾಕೆ ಬರುತ್ತಾನೆ ಎನ್ನಲಿಲ್ಲ.

ಆ ಭಾನುವಾರ ಎಂದಿನಂತೆ ಗೋದಾಮಿಗೆ ಹೋದೆ. ಹೇಗೂ ಕೊನೆಯದು, ಚೆನ್ನಾಗಿ ಓದಿ ಹೋಗೋಣ ಎಂದುಕೊಂಡೆ. ಗೋದಾಮು ತುಂಬಿತ್ತು, ಆದರೆ ಸದ್ದೇ ಇಲ್ಲ. ಮಣೆಯ ಮುಂದೆ ಕುಳಿತು ಪುಸ್ತಕ ಬಿಡಿಸಿದೆ. ಗಿರಿಜೆ ಎದ್ದು ಬಂದು ಅಂಗೈಯಗಲಿಸಿ ಪುಟದ ಮೇಲೆ ಇಟ್ಟಳು.

"ಇವತ್ತು ಬ್ಯಾಡ ಚಿಗವ್ವ. ಮಾವ ದಾರಿಯಾಗದಾನೆ."

"ಯಾವ ಮಾವನೇ?"

"ನಿಮ್ಮಣ್ಣ. ನಮಗ ಮಾವ ಅಲ್ಲೇನು?"

"ಓದಿದರೆ ಏನೂ ಆಗುವುದಿಲ್ಲ ಎಂದು ನಿಮ್ಮಜ್ಜಿಯೇ ಹೇಳಿದ್ದಾರಲ್ಲ ಪುಟ್ಟಿ."

"ಓದಿದ್ರೆ ಆಗಲ್ಲ. ನೀನು ಕಣ್ಣು ಎತ್ತಿದ್ರೆ?" ಎಂದಳು ಗಿರಿಜೆ. "ನೀನು ಎತ್ತೇ ಎತ್ತೀಯ. ದೂರದಿಂದ ಬರ್ತಾನಂತೆ, ಘಟ್ಟ ಹತ್ತಿ. ತಪ್ಪಿದ್ರೆ ಯಾರ್ನ ಕೇಳ್ತಾನೆ ಪಾಪ? ಅವಂಗ ನಮ್ಮ ಮಾತು ತಿಳಿಯಂಗಿಲ್ಲ."

ನಿಂಗಜ್ಜಿಯ ಕಡೆ ನೋಡಿದೆ. ಅವರು ತಲೆದೂಗಿದರು. "ಹುಡುಗೂರು ಹೇಳೋದು ಖರೆ ಐತೆ. ಒಂದು ದಿನ ಬಿಟ್ರೆ ಗಂಟೇನು ಹೋಗ್ತೈತೆ? ನಿಮ್ಮಣ್ಣ ಸುಮ್ನ ಬಂದು ಮುಟ್ಲಿ." ಮಕ್ಕಳು ಒಬ್ಬೊಬ್ಬರಾಗಿ ಎದ್ದರು. ಎಂದೂ ಗಲಾಟೆಯಿಲ್ಲದೆ ಚದುರಿದ ಹಿಂಡಲ್ಲ ಅದು. ಅವತ್ತು ತುಟಿಗೆ ಬೆರಳಿಟ್ಟುಕೊಂಡು ಹೋದರು.

ಗೋದಾಮಿನಲ್ಲಿ ನಾನೊಬ್ಬಳೇ ಉಳಿದೆ. ಈಗ ಬರೆಯುವುದನ್ನು ಅಣ್ಣನೂ ಓದುತ್ತಾನೆ, ಓದಲಿ. ಆ ಹೊತ್ತಿನಲ್ಲಿ ನನಗೆ ಅನಿಸಿದ್ದು ಇಷ್ಟೇ: ಅವನು ದಾರಿ ತಪ್ಪಲಿ. ಚಿಕ್ಕಜಾಜೂರಿಗೆ ಹೋಗಲಿ, ಬೀರೂರಿಗೆ ಹೋಗಲಿ, ಬೇಸತ್ತು ತಿರುಗಿ ಊರಿಗೇ ಹೋಗಲಿ. ನನ್ನನ್ನು ಕರೆದೊಯ್ಯಲು ಬರುತ್ತಿರುವವನು ಸುಖವಾಗಿ ಬರಲೆಂದು ಆ ಮಕ್ಕಳು ಕಥೆ ಬಿಟ್ಟು ಬಾಯಿ ಕಟ್ಟಿಕೊಂಡು ಹೋದವು. ಒಡಹುಟ್ಟಿದವಳು ನಾನು ಅವನ ದಾರಿಗೆ ಅಡ್ಡ ಬರಲು ಕುಳಿತಿದ್ದೆ. ಇಂಥದ್ದನ್ನೆಲ್ಲ ನಂಬದವಳು ಎಂದು ಎಲ್ಲರ ಎದುರು ನಕ್ಕವಳು! ಪುಸ್ತಕ ಮುಚ್ಚಿದೆ. ಕಣ್ಣೆತ್ತಿ ಖಾಲಿ ಚೀಲಗಳನ್ನು ನೋಡುತ್ತಾ, "ಒಂದು ಊರಿನಲ್ಲಿ..." ಎಂದು ಗಟ್ಟಿಯಾಗಿ ಶುರು ಮಾಡಿಯೇಬಿಟ್ಟೆ. ಎರಡನೆಯ ಮಾತು ಬರಲಿಲ್ಲ. ಬಸ್ಸು ಹತ್ತಿದರೆ ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಳ್ಳುವ ನನ್ನ ಅಣ್ಣ, ನನಗೆಂದು ಏನೇನೋ ಕಟ್ಟಿಕೊಂಡು ಕುಳಿತಿರುವುದು ಕಣ್ಣಿಗೆ ಕಟ್ಟಿತು. ಬಾಯಿಗೆ ಸೆರಗು ಒತ್ತಿಕೊಂಡು ಗೋದಾಮಿಗೆ ಬೀಗ ಹಾಕಿ ಬಂದೆ.

ಮಧ್ಯಾಹ್ನದ ರೈಲಿಗೆ ಅವನು ಬಂದ. ಸ್ಟೇಷನ್ನಿಗೆ ನಮ್ಮವರು ಹೋಗಿದ್ದರು. ನಾನು ಬಾಗಿಲಲ್ಲಿದ್ದೆ. ನನಗಿಂತ ಮೊದಲು ಮಕ್ಕಳಿಗೆ ಕಂಡ. "ಮಾವ ಬಂದ! ಮಾವ ಬಂದ!" ಎಂದು ಬೀದಿಗೆ ಬೀದಿಯೇ ಎದ್ದಿತು. ಎರಡು ದಿನದ ಧೂಳು ಮೆತ್ತಿದ್ದ ಅಣ್ಣ ಗಾಬರಿಯಾಗಿ ನಿಂತ. ಗಿರಿಜೆ ಅವನ ಕೈಯಿಂದ ಚೀಲ ಕಿತ್ತುಕೊಂಡು ತಲೆಯ ಮೇಲಿಟ್ಟುಕೊಂಡಳು. ರುದ್ರಮ್ಮ ಮಜ್ಜಿಗೆ ತಂದಳು. "ದಾರಿಯಾಗ ಏನೂ ತ್ರಾಸಾಗ್ಲಿಲ್ಲಲ್ರಿ ಅಣ್ಣಾರೆ?" ಎಂದು ನಿಂಗಜ್ಜಿ ಕೇಳಿ, ಇಲ್ಲ ಎಂದಾಗ ನನ್ನ ಕಡೆ ತಿರುಗಿ ನೋಡಿದರು. ನಾನು ಒಳಗೆ ಹೋದೆ.

ಸಂಜೆ ಅಣ್ಣ ಕಟ್ಟೆಯ ಮೇಲೆ ಇನ್ನೂ ಅರ್ಧ ಖಾಲಿಯಿದ್ದ ಪೆಟ್ಟಿಗೆ ನೋಡಿದ. "ಗಂಟು ಕಟ್ಟಿಯಾಯ್ಲಿಲ್ಯಾ?" ಎಂದ.

"ಅಣ್ಣಾ, ಇನ್ನೊಂದ್ ವರ್ಷ ನೋಡ್ತೆ" ಎಂದೆ.

"ನಿಂಗೆ ತಲೆ ಸಮ ಇತ್ತಾ? ಬಾ ಅಂದೇಳಿ ಕಾಗ್ದ ಬರ್ದದ್ದ್ ನೀನೇ ಅಲ್ದಾ? ಎರಡ್ ದಿನ ಬಸ್ಸಂಗೆ ಕೂಕಂಡ್ ಬಂದದ್ದ್ ನಾನ್! ಹೆಡ್‌ಮಾಸ್ಟ್ರಿಗೆ ಎಂತ ಹೇಳುದ್ ಈಗ?"

ಅಣ್ಣ ಸಿಟ್ಟಿನಲ್ಲಿ ಊಟ ಮಾಡಿದ. ಸ್ವಲ್ಪ ಹೊತ್ತಾದ ಮೇಲೆ ನಮ್ಮವರು ಅಣ್ಣನಿಗೆ ಹೊಸದಾಗಿ ಬಂದ ಮಗ್ಗಗಳ ವಿಷಯ ಹೇಳತೊಡಗಿದರು. ಎರಡು ತಿಂಗಳಿಂದ ಕೇಳದಿದ್ದ ಮಾತು ಅದು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿದೆ.

ಅಣ್ಣ ಬುಧವಾರದವರೆಗೆ ಇದ್ದ. ತಂದಿದ್ದ ಹಲಸಿನ ಹಪ್ಪಳವನ್ನು ಬೀದಿಯ ಮಕ್ಕಳಿಗೆ ಅವನೇ ಸುಟ್ಟು ಹಂಚಿದ. ಆದರೆ ನನ್ನ ಮೇಲಿನ ಬೇಸರ ಹೋಗಿರಲಿಲ್ಲ. ಹೊರಡುವಾಗ ನನ್ನ ತಲೆ ಮೇಲೆ ಕೈಯಿಟ್ಟ, ಅಷ್ಟೆ. ಅವನು ಮನೆ ಮುಟ್ಟಿದ ಕಾಗದ ಬರುವವರೆಗೆ ಹಗಲು ಹೊತ್ತು ನಾನು ಪುಸ್ತಕ ತೆರೆಯಲಿಲ್ಲ. ಯಾರೂ ತೆರೆ ಎನ್ನಲೂ ಇಲ್ಲ. ಅಂಚೆಯವನ ದಾರಿ ಕಾಯುವುದೇ ಮಕ್ಕಳಿಗೆ ಆಟವಾಯಿತು.

ಮುಂದಿನ ವಾರ ಕಾಗದ ಬಂತು. ಮಕ್ಕಳು ಗೋದಾಮಿಗೆ ಎಳೆದುಕೊಂಡು ಹೋಗಿ, ಓದು ಎಂದರು. ಮಣೆಯ ಮೇಲಿಟ್ಟು ಓದಿದೆ. ಸುಖವಾಗಿ ಬಂದು ಮುಟ್ಟಿದೆ. ಶಾಲೆಗೆ ಬೇರೊಬ್ಬರನ್ನು ತೆಗೆದುಕೊಂಡರು. ಮಕ್ಕಳನ್ನು ಕೇಳಿದೆ ಎಂದು ಹೇಳು. ಇನ್ನೂ ಕೆಳಗೆ ಅವನು ಬರೆದಿದ್ದ: "ನಮ್ಮ ಮನೆಯ ಬಾವಿಯಲ್ಲಿ ಈ ಸಲ ನೀರು ಇಳಿದಿದೆ." ಆ ಸಾಲಿಗೆ ಬಂದಾಗ ನಾನು ಓದಿದ್ದು, "ಅಣ್ಣನ ಮನೆಯ ಬಾವಿಯಲ್ಲಿ ಈ ಸಲ ನೀರು ಇಳಿದಿದೆ." ಯಾರಿಗೂ ತಿಳಿಯಲಿಲ್ಲ. ಬಾವಿ ಎಷ್ಟು ಆಳ ಎಂದು ಗಿರಿಜೆ ಕೇಳಿದಳು, ಅಜ್ಜಿ ಅರ್ಥ ಹೇಳಲು ಹೊರಟರು. ಆ ಬಾವಿಗೆ ಹಗ್ಗ ಬಿಟ್ಟು ನೀರು ಸೇದಿದ ಕೈ ಇದು. ಹಾಗೆ ಯಾಕೆ ಓದಿದೆನೋ! ಮೂರು ವರ್ಷವಾದ ಮೇಲೂ ಆ ಕಾಗದವನ್ನು ಒಮ್ಮೊಮ್ಮೆ ತೆಗೆದು, ಬರೆದದ್ದನ್ನು ಬರೆದ ಹಾಗೆಯೇ ಒಬ್ಬಳೇ ಓದಿಕೊಳ್ಳುತ್ತೇನೆ.